ಒಂಬತ್ತನೇ ಕದದ ಹುರಿ

ನಮ್ಮದು ಮುಂದುವರಿದ ಊರು. ಹೊಗಳಿಕೊಳ್ಳಲು ಹೇಳುತ್ತಿಲ್ಲ. ಹಿಂದಕ್ಕೆ ಹೋಗಲು ದಾರಿಯೇ ಇಲ್ಲದ ಮೇಲೆ ಮುಂದುವರಿಯದೆ ಏನು ಮಾಡುತ್ತೀರಿ? ಊರಿಗೆ ಇರುವುದು ಒಂದೇ ಬೀದಿ. ಅದು ಬಳೆಯ ಹಾಗೆ ಗುಡ್ಡವನ್ನು ಹತ್ತಿ ಇಳಿದು, ಕೆರೆಯನ್ನು ಬಳಸಿ, ಹೊರಟಲ್ಲಿಗೇ ಬಂದು ಸೇರುತ್ತದೆ. ಬೀದಿಗೆ ಅಡ್ಡಲಾಗಿ ಹದಿನಾಲ್ಕು ಕಡೆ ಎರಡೆಸಳಿನ ಕದಗಳಿವೆ. ಬೀಗವಿಲ್ಲ, ಅಗುಳಿಯಿಲ್ಲ, ಕಾವಲಿನವನಿಲ್ಲ. ಹಿಂದಿನಿಂದ ಬಂದವರು ಭುಜ ತಾಗಿಸಿದರೆ ಸಾಕು, ಮುಂದಕ್ಕೆ ತೆರೆದುಕೊಳ್ಳುತ್ತವೆ. ದಾಟಿದವರು ಅರ್ಧ ಹೆಜ್ಜೆ ಹಿಂದಕ್ಕಿಟ್ಟರೂ ಪಟ್ಟೆಂದು ಮುಚ್ಚಿಕೊಳ್ಳುತ್ತವೆ. ಆಮೇಲೆ ನೀವು ಎಷ್ಟು ಜೋರಾಗಿ ನೂಕುತ್ತೀರೋ ಅಷ್ಟು ಬಿಗಿ. ಹೀಗಾಗಿ ನಮ್ಮ ಕದಗಳನ್ನು ಮುಚ್ಚುವವರು ಬೇರೆ ಯಾರೂ ಅಲ್ಲ, ಹಿಂದಕ್ಕೆ ಹೋಗಬೇಕೆಂದು ನೂಕುವವರೇ.

ಇದರ ಜೊತೆ ಬಾಳುವುದನ್ನು ನಾವು ಕಲಿತಿದ್ದೇವೆ. ಒಂದು ಕದದಿಂದ ಇನ್ನೊಂದರವರೆಗಿನ ತುಂಡನ್ನೂ ನಾವು ಬೀದಿ ಎಂದೇ ಕರೆಯುತ್ತೇವೆ. ಹೆಣ್ಣು ಹೆತ್ತವರು, ಗಂಡು ಹೇಗಿದ್ದರೂ ಸರಿ, ಹಿಂದಿನ ಬೀದಿಯವನಾಗಿರಲಿ ಎನ್ನುತ್ತಾರೆ. ಹಾಗಿದ್ದರೆ ಮಗಳು ಒಂದು ಕದ ದಾಟಿದರೆ ತವರು. ಮುಂದಿನ ಬೀದಿಗೆ ಕೊಟ್ಟರೋ, ಅವಳು ಹದಿಮೂರು ಕದ ಸುತ್ತಿ, ಗುಡ್ಡದ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿಳಿದು, ಹಬ್ಬದ ಹೋಳಿಗೆ ತಣ್ಣಗಾದ ಮೇಲೆ ತಲುಪುತ್ತಾಳೆ. ಜಗಳಗಂಟರು ಕದದ ಹಿಂದೆ ನಿಂತು ಮುಂದಿನ ಬೀದಿಯವರನ್ನು ಬೈಯುತ್ತಾರೆ. ಬೈಸಿಕೊಂಡವನು ಹೊಡೆಯಬೇಕೆಂದರೆ ಊರೆಲ್ಲ ಸುತ್ತಿ ಬರಬೇಕು, ಅಷ್ಟರಲ್ಲಿ ಸಿಟ್ಟು ಇಳಿದು ಹಸಿವು ಏರಿರುತ್ತದೆ. ಹೀಗೆ ಕದದಿಂದಾಗಿ ಎಷ್ಟೋ ಕದನ ತಪ್ಪಿದೆ. ಮಾತು ಮಾತ್ರ ಎರಡೂ ಕಡೆಗೆ ಹೋಗುತ್ತದೆ. ಅದನ್ನು ತಡೆಯುವ ಕದವನ್ನು ಇನ್ನೂ ಯಾರೂ ಮಾಡಿಲ್ಲ.

ನಮ್ಮ ಮನೆ ಒಂಬತ್ತನೇ ಕದ ದಾಟಿದ ಕೂಡಲೇ ಎಡಗಡೆ. ಊರಿನ ಆಸ್ಪತ್ರೆ ಅದೇ ಕದದ ಹಿಂದೆ. ಅಲ್ಲಿನ ಫಿನಾಯಿಲ್ ವಾಸನೆ ನಮ್ಮ ಸಾರಿನ ವಾಸನೆಯ ಜೊತೆ ಬೆರೆಯುವಷ್ಟು ಹತ್ತಿರ. ಆದರೆ ನಮಗೆ ಜ್ವರ ಬಂದರೆ ನಾಲ್ಕು ಮೈಲಿ, ಹದಿಮೂರು ಕದ, ಅರ್ಧ ದಿನ. ಊರಿನಲ್ಲಿ ಆಸ್ಪತ್ರೆಗೆ ಎಲ್ಲರಿಗಿಂತ ಹತ್ತಿರವಿರುವವರೂ ಎಲ್ಲರಿಗಿಂತ ದೂರವಿರುವವರೂ ನಾವೇ.

ನನ್ನನ್ನು ಸಾಕಿದ ಸೋದರತ್ತೆ ಚೂಡಾಮಣಿ ಒಂಬತ್ತನೇ ಕದದ ಹುರಿಯವಳು. ಪ್ರತಿ ಕದಕ್ಕೂ ಒಬ್ಬರು ಹುರಿಯವರಿರುತ್ತಾರೆ. ಎಸಳುಗಳ ಅಂಚಿಗೆ ಐದೈದು ಹುರಿ ಕಟ್ಟಿ, ಅವುಗಳ ಇನ್ನೊಂದು ತುದಿಯನ್ನು ಕದದ ಮುಂದೆ ನೆಟ್ಟ ಎರಡು ಗಿಡ್ಡ ಕಂಬಗಳಿಗೆ ಬಿಗಿಯುವುದು ಅವರ ಕೆಲಸ. ಜನ ದಾಟುವಾಗ ಎಸಳು ನಮ್ಮ ಕಡೆ ಬಾಗುತ್ತದೆ, ಹುರಿ ಸಡಿಲವಾಗುತ್ತದೆ. ಯಾರಾದರೂ ಹಿಂದಕ್ಕೆ ನೂಕಿದಾಗ ಹುರಿ ಬಿಗಿದು ಎಸಳನ್ನು ಹಿಡಿದು ನಿಲ್ಲಿಸುತ್ತದೆ. ಹುರಿಯಿಲ್ಲದಿದ್ದರೆ ಎಸಳು ಬಿರುಗಾಳಿಗೆ ಸಿಕ್ಕ ಕೊಡೆಯ ಹಾಗೆ ಆಚೆಗೆ ಮಗುಚಿಕೊಂಡೀತು. ಅತ್ತೆ ಮೂವತ್ತೊಂದು ವರ್ಷ ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದು, ಪ್ರತಿ ಅಮಾವಾಸ್ಯೆಗೆ ಒಂದು ಹಳೆಯ ಹುರಿ ಬಿಚ್ಚಿ ಹೊಸದು ಕಟ್ಟಿದ್ದಳು. ಒಂದು ಸಲಕ್ಕೆ ಒಂದೇ, ಅದು ಕಟ್ಟಳೆ. ಅವಳ ಗಂಟು ಬೇರೆಯವರ ಕೈಗೆ ಬಗ್ಗುತ್ತಿರಲಿಲ್ಲ.

ನನಗೆ ಬರುವ ವಿದ್ಯೆ ಒಂದೇ, ಅಣಕು. ಹದಿನಾಲ್ಕು ಕದಗಳ ಸದ್ದನ್ನೂ ಬಾಯಲ್ಲೇ ಮಾಡಬಲ್ಲೆ. ಕದಗಳ ದಫೇದಾರರಾದ ಸಿದ್ಧವೀರಪ್ಪನವರನ್ನು ಮಾಡಿದರೆ ಅವರ ಹೆಂಡತಿಯೇ ಒಳಗಿನಿಂದ "ಬಂದೆ" ಅನ್ನುತ್ತಾರೆ. ಅದು ಸುಲಭ: ಮೊದಲು ಮೂಗು ಸೊರ್ರೆನ್ನಬೇಕು, ಕೊನೆಗೆ "ತಿಳೀತಾ?" ಅನ್ನಬೇಕು, ನಡುವೆ ಏನು ಹೇಳಿದರೂ ಆಗುತ್ತದೆ. ಕಾಲೇಜಿನಲ್ಲಿ ಮೂರು ವರ್ಷ ಶರೀರಶಾಸ್ತ್ರ ಓದಿದೆ. ಪಾಠ ಕಲಿತದ್ದಕ್ಕಿಂತ ಪ್ರೊಫೆಸರುಗಳನ್ನು ಕಲಿತದ್ದೇ ಹೆಚ್ಚು.

ಆ ವರ್ಷ ಅತ್ತೆಗೆ ಉಸಿರು ಸಾಲದಾಯಿತು. ಮಲಗಿದರೆ ಕೆಮ್ಮು, ಎದ್ದು ಕೂತರೆ ವಾಸಿ. ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಪಾದ ಊದಿಕೊಂಡು, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಒಂದು ದಿನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕಿವಿ ತಾಗಿಸಿದೆ. ಚಿಕ್ಕಂದಿನಲ್ಲಿ ಅದೇ ಬೆನ್ನಿಗೆ ಕಿವಿಯಿಟ್ಟು ಮಲಗಿದವನು ನಾನು. ಆಗ ಕೇಳುತ್ತಿದ್ದದ್ದು ಲಬ್-ಡಬ್, ಲಬ್-ಡಬ್. ಈಗ ಎರಡರ ನಡುವೆ ಇನ್ನೊಂದು ಸೇರಿತ್ತು. ಲಬ್-ಶ್ಶ್ಶ್-ಡಬ್. ಮುಚ್ಚಿದ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

ಆಸ್ಪತ್ರೆಯ ಡಾಕ್ಟರ್ ಮಂದಾಕಿನಿಯವರ ಮನೆ ನಮ್ಮ ಬೀದಿಯ ಕೊನೆಯಲ್ಲಿ. ಅವರು ಬೆಳಗ್ಗೆ ನಾಲ್ಕು ಮೈಲಿ ನಡೆದು ಆಸ್ಪತ್ರೆ ಸೇರಿ, ಸಂಜೆ ನೂರು ಹೆಜ್ಜೆ ನಡೆದು ಮನೆ ಸೇರುತ್ತಾರೆ. ಆ ಸಂಜೆ ಅವರನ್ನು ತಡೆದು ಜಗಲಿಯ ಮೇಲೆ ಕೂರಿಸಿದೆ. ಅವರು ಅತ್ತೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ತೆಗೆದು, ಮತ್ತೆ ಇಟ್ಟು, "ಗ್ಯಾಸು" ಎಂದರು.

"ಗ್ಯಾಸಿಗೆ ಕಾಲು ಊದುತ್ತಾ ಡಾಕ್ಟರಮ್ಮ?" ಎಂದಳು ಅತ್ತೆ.

"ಇಡೀ ದಿನ ಕೂತು ಹುರಿ ಹೊಸೀತೀರಲ್ಲ, ಅದಕ್ಕೆ."

"ಡಾಕ್ಟ್ರೇ, ಇದು ಮುಂಚಿನ ಅತ್ತೆ," ಎಂದು ನಾನು ಲಬ್-ಡಬ್ ಮಾಡಿ ತೋರಿಸಿದೆ. "ಇದು ಈಗಿನ ಅತ್ತೆ." ಲಬ್-ಶ್ಶ್ಶ್-ಡಬ್.

"ಮನುಷ್ಯರನ್ನ ಅಣಕಿಸೋದು ಸಾಲದು ಅಂತ ಗುಂಡಿಗೇನೂ ಶುರು ಮಾಡಿದ್ಯೇನಪ್ಪ?" ಎಂದು ಅವರು ನಕ್ಕರು. ಆದರೆ ನಗು ಪೂರ್ತಿಯಾಗಲಿಲ್ಲ. "ಇನ್ನೊಂದು ಸಲ ಮಾಡು."

ಮಾಡಿದೆ. ಅವರು ಅತ್ತೆಯ ಎದೆಯನ್ನು ಮತ್ತೊಮ್ಮೆ ಕೇಳಿದರು. "ರಕ್ತ ಹಿಂದಕ್ಕೆ ನುಗ್ಗಿದರೆ ಹೀಗೆ ಕೇಳಬಹುದು. ಆದರೆ ನಮ್ಮೂರಿನವರ ರಕ್ತ ಹಿಂದಕ್ಕೆ ಹೋಗಲ್ಲವಲ್ಲ," ಎಂದರು. ಹೇಳಿದ್ದು ನನಗೋ ತಮಗೋ ಗೊತ್ತಾಗಲಿಲ್ಲ.

ಅವರನ್ನು ದೂರಿ ಫಲವಿಲ್ಲ. ನಾನು ಓದಿದ ಪುಸ್ತಕವೂ ಅದೇ. ಗುಂಡಿಗೆಯ ಅಧ್ಯಾಯದಲ್ಲಿ 'ಹಿಮ್ಮುಖ ಹರಿವು' ಎಂಬ ಹನ್ನೊಂದು ಪುಟಗಳನ್ನು ನಮ್ಮ ಕಾಲೇಜಿನಲ್ಲಿ ದಾರ ಹಾಕಿ ಹೊಲಿದಿರುತ್ತಾರೆ. "ಅದು ಬೇರೆ ಊರಿನವರ ಕಾಯಿಲೆ. ಪರೀಕ್ಷೆಗೆ ಬರೋಲ್ಲ," ಎಂದಿದ್ದರು ಪ್ರೊಫೆಸರು. ಪರೀಕ್ಷೆಗೆ ಬರದದ್ದನ್ನು ಬಿಚ್ಚಿ ನೋಡುವಷ್ಟು ಜ್ಞಾನದಾಹ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಾರನೆಯ ಸಂಜೆ ಡಾಕ್ಟರು ತಾವಾಗಿಯೇ ನಮ್ಮ ಜಗಲಿ ಹತ್ತಿದರು. ಸೀರೆಯ ಮೇಲೆ ಬಿಳಿ ದಾರದ ಚೂರುಗಳಿದ್ದವು. "ಬಿಚ್ಚಿ ಓದಿದೆ. ನನ್ನನ್ನ ಕ್ಷಮಿಸಬೇಕು ನೀವು," ಎಂದು ಅತ್ತೆಯ ಕೈ ಹಿಡಿದುಕೊಂಡರು. ಗುಂಡಿಗೆಯ ಒಳಗೂ ಒಂದು ಎರಡೆಸಳಿನ ಕದ ಇದೆಯಂತೆ. ಅದನ್ನು ತೆರೆಯಲು ಮುಚ್ಚಲು ಒಳಗೆ ಯಾರೂ ಇಲ್ಲವಂತೆ. ಮುಂದೆ ಹೋಗುವ ರಕ್ತವೇ ತೆರೆಯುತ್ತದೆ, ಹಿಂದಿರುಗಲು ನೋಡುವ ರಕ್ತವೇ ಮುಚ್ಚುತ್ತದೆ. ಎಸಳು ಮಗುಚದಂತೆ ಹಿಡಿಯಲು ಅಂಚಿಗೆ ಸಣ್ಣ ಸಣ್ಣ ನರದಂಥ ಎಳೆಗಳಿವೆ. ಅತ್ತೆಯಲ್ಲಿ ಅವು ಕಿತ್ತಿವೆ. ಗುಂಡಿಗೆ ಹಿಂಡಿದಾಗಲೆಲ್ಲ ಒಂದಿಷ್ಟು ರಕ್ತ ಶ್ಶ್ ಎಂದು ಹಿಂದಕ್ಕೆ ಹೋಗಿ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ.

ಅತ್ತೆ ಕಸುಬಿನವಳ ಹಾಗೆ ಕೇಳಿಸಿಕೊಂಡಳು. "ಎಷ್ಟು ಹುರಿ ಹೋಗಿದೆ?"

"ಒಂದೋ ಎರಡೋ."

"ಹಾಕಿದ್ದು ಯಾವಾಗ?"

"ಹುಟ್ಟುವಾಗಲೇ ಬಂದಿದ್ದು ಅದು."

"ಐವತ್ತೆಂಟು ವರ್ಷ ಬಂತಲ್ಲ! ನಂದು ಒಂದು ವರ್ಷ ಬರಲ್ಲ. ಕೆಟ್ಟ ಮಾಲೇನಲ್ಲ ಬಿಡಿ."

ಮಾತ್ರೆ ಮುಂದಕ್ಕೆ ಬರಬಲ್ಲುದು, ಬಂತು. ಸೂಜಿಯೂ ಬಂತು. ಆದರೆ ಹುರಿ ಕಟ್ಟುವ ಆಪರೇಷನ್ ಕೋಣೆ ಎದ್ದು ಬರಲಾರದು. ಊತ ಇಳಿದ ಮೇಲೆ ಕುರ್ಚಿಯಲ್ಲಿ ಹೊತ್ತು ಸುತ್ತಿಸೋಣವೆಂದು ಕಾಯುತ್ತ ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಅತ್ತೆಯ ತುಟಿ ನೇರಳೆ ತಿಂದವಳ ಹಾಗಾಯಿತು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಂಡಳು. ನಾನು ಕದಕ್ಕೆ ಬಾಯಿಟ್ಟು ಕೂಗಿದೆ, ಡಾಕ್ಟರು ಆಸ್ಪತ್ರೆಯಿಂದ ಓಡಿ ಬಂದರು.

"ಇವತ್ತೇ ಒಳಗೆ ಸೇರಬೇಕು," ಎಂದರು. "ಕುರ್ಚಿಯಲ್ಲಿ ಹೊತ್ತುಕೊಂಡು ಹೋದರೂ ಅರ್ಧ ದಿನ. ಅಷ್ಟು ಹೊತ್ತು ತಡೆಯಲ್ಲ. ಹತ್ತನೇ ಕದ ದಾಟಿದ ಮೇಲೆ ಕೆಟ್ಟರೆ ಮನೆಗೂ ವಾಪಸ್ ಬರೋ ಹಾಗಿಲ್ಲ."

"ಒಂಬತ್ತನೇದು?" ಎಂದೆ ನಾನು.

ಡಾಕ್ಟರು ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಗೋಡೆಯನ್ನು ನೋಡಿದಳು. "ಬೇಡ," ಎಂದಳು.

"ಅತ್ತೆ, ನೀನೇ ಕಟ್ಟಿದ್ದು. ನೀನೇ ಬಿಚ್ಚಿದ್ರೆ..."

"ಅವತ್ತು ದೇವೀರಿಗೆ ಬಿಚ್ಚಲಿಲ್ಲ ಕಣೋ. ಇವತ್ತು ನನಗೆ ನಾನೇ ಬಿಚ್ಕೊಳ್ಳಲಾ? ಯಾವ ಮುಖದಲ್ಲಿ?"

ದೇವೀರಮ್ಮ ನಮ್ಮ ಎದುರು ಮನೆಯಾಕೆ. ಹತ್ತೊಂಬತ್ತು ವರ್ಷದ ಹಿಂದೆ ತುಂಬು ಬಸುರಿಯಾಗಿದ್ದಾಗ, ನೋವು ಶುರುವಾಗಿ, ಈ ಕದಕ್ಕೆ ಬೆನ್ನು ಕೊಟ್ಟು ನೂಕಿದ್ದಳಂತೆ. ಅವಳು ನೂಕಿದಷ್ಟೂ ಅತ್ತೆಯ ಹುರಿ ಬಿಗಿದುಕೊಂಡವು. ಒಂದೂ ಕಿತ್ತು ಬರಲಿಲ್ಲ. ಪಂಚಾಯಿತಿಯವರು ಆ ವರ್ಷ ಅತ್ತೆಗೆ ಶಾಲು ಹೊದಿಸಿದರು. ದೇವೀರಮ್ಮ ಬದುಕಿದಳು, ಮಗು ಬದುಕಲಿಲ್ಲ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಆ ಶಾಲನ್ನು ಅತ್ತೆ ಒಮ್ಮೆಯೂ ಹೊದ್ದದ್ದನ್ನು ನಾನು ನೋಡಿಲ್ಲ.

ಮಾತನ್ನು ತಡೆಯುವ ಕದವಿಲ್ಲ ಎಂದೆನಲ್ಲ. ಐದು ನಿಮಿಷವಾಗಿರಲಿಲ್ಲ, ದೇವೀರಮ್ಮ ನಮ್ಮ ಮನೆಯೊಳಗೆ ನಿಂತಿದ್ದಳು. ಕಂಕುಳಲ್ಲಿ ಈಳಿಗೆ ಮಣೆ. ಬದನೆಕಾಯಿ ಹೆಚ್ಚುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಈಳಿಗೆಗೆ ಇನ್ನೂ ಒಂದು ತುಂಡು ಅಂಟಿಕೊಂಡಿತ್ತು.

"ಚೂಡಾಮಣಿ," ಎಂದಳು. "ನೀನು ಬಿಚ್ತೀಯೋ, ನಾನು ಕೊಯ್ಯಲೋ?"

ಅತ್ತೆಗೆ ಉಸಿರಿಗಿಂತ ಮೊದಲು ಕಣ್ಣೀರು ಬಂತು. "ದೇವೀರೀ, ನಾನು..."

"ಅಳೋಕೆ ಉಸಿರು ಬೇಕು, ಅದು ನಿನ್ನ ಹತ್ರ ಇಲ್ಲ. ಆಮೇಲೆ ಅಳುವಂತೆ. ಕ್ಷಮಿಸೋಕೆ ಬಂದಿಲ್ಲ ನಾನು. ಆ ಕದ ಇನ್ನೊಬ್ಬರನ್ನ ತಿನ್ನೋದನ್ನ ನೋಡ್ಕೊಂಡು ಕೂರಲ್ಲ, ಅಷ್ಟೆ. ಹೇಳು. ಕೊಯ್ಯಲಾ?"

"ಕೊಯ್ಬೇಡ," ಎಂದಳು ಅತ್ತೆ. ಗೋಡೆ ಹಿಡಿದು ಎದ್ದಳು. "ಈಳಿಗೇಲಿ ಕೊಯ್ಯೋಕೆ ಅದೇನು ಬದನೆಕಾಯೇ? ನನ್ನ ಗಂಟು. ನಾನೇ ಬಿಚ್ತೀನಿ."

ಕುರ್ಚಿಯಲ್ಲಿ ಕೂರಿಸಿ ಕಂಬದ ಬಳಿಗೆ ಒಯ್ದೆವು. ಅಷ್ಟರಲ್ಲಿ ಬೀದಿ ತುಂಬಿತ್ತು, ಸಿದ್ಧವೀರಪ್ಪನವರೂ ಕೋಲು ಹಿಡಿದು ಬಂದಿದ್ದರು.

"ಸೊರ್ರ್... ಏನಿದು ಚೂಡಾಮಣಮ್ಮ? ಇವತ್ತು ಅಮಾವಾಸ್ಯೆ ಅಲ್ಲ. ಹುರಿ ಮುಟ್ಟೋ ಹಾಗಿಲ್ಲ. ತಿಳೀತಾ?"

"ತಿಳೀತು," ಎಂದು ಅತ್ತೆ ಮೊದಲ ಗಂಟಿಗೆ ಕೈ ಹಾಕಿದಳು.

ಬಿಚ್ಚಲಾಗಲಿಲ್ಲ. ನಮ್ಮ ಕಡೆಯ ಗುಂಪು ನೋಡುವ ಆತುರಕ್ಕೆ ಕದಕ್ಕೆ ಒತ್ತಿಕೊಂಡು ನಿಂತಿತ್ತು, ಹುರಿಗಳೆಲ್ಲ ತಂತಿಯ ಹಾಗೆ ಬಿಗಿದಿದ್ದವು. ಸರಿಯಿರಿ ಎಂದರೆ ಸರಿಯಲು ಜಾಗವಿಲ್ಲ. ಹುರಿ ಸಡಿಲವಾಗಬೇಕಾದರೆ ಇರುವುದು ಒಂದೇ ಉಪಾಯ, ಹಿಂದಿನಿಂದ ಜನ ಬರಬೇಕು, ತುಂಬಾ ಜನ, ಬರುತ್ತಲೇ ಇರಬೇಕು. ನಾನು ಕದದ ಸಂದಿಗೆ ಬಾಯಿಟ್ಟೆ. ಮೂಗು ಸೊರ್ರೆನ್ನಿಸಿದೆ.

"ಸೊರ್ರ್... ಆಸ್ಪತ್ರೆ ಮುಂದೆ ನಿಂತವರೆಲ್ಲ ಕೂಡ್ಲೇ ಕದ ದಾಟಿ ಮುಂದೆ ಬನ್ನಿ! ತಪಾಸಣೆ ಇದೆ. ತಿಳೀತಾ?"

"ಬಂದ್ವಿ ದಫೇದಾರ್ರೇ!" ಎಂದಿತು ಆ ಕಡೆ.

ಎಸಳುಗಳು ನಮ್ಮ ಕಡೆ ಬಾಗಿದವು. ರೋಗಿಗಳನ್ನು ನೋಡಲು ಬಂದವರು, ಇಬ್ಬರು ನರ್ಸುಗಳು, ಎಳನೀರಿನವನು, ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡ ಒಬ್ಬ ತಾತ, ಸಾಲಾಗಿ ಬರತೊಡಗಿದರು. ಹುರಿಗಳು ಜೋತುಬಿದ್ದವು. ಅತ್ತೆಯ ಬೆರಳುಗಳು ಗಂಟಿನೊಳಗೆ ಹೊಕ್ಕವು. ಒಂದು. ಉಸಿರು. ಎರಡು. ಉಸಿರು.

ಸಿದ್ಧವೀರಪ್ಪನವರು ತಮ್ಮದೇ ದನಿ ಕೇಳಿ ಒಂದು ಕ್ಷಣ ತಾವೇ ಕೂಗಿದೆನೇನೋ ಎಂಬಂತೆ ಬಾಯಿ ಮುಟ್ಟಿ ನೋಡಿಕೊಂಡರು. ಆಮೇಲೆ ಎಚ್ಚರವಾಗಿ, "ಸೊರ್ರ್... ಬರಬೇಡಿ! ಯಾರೂ ಬರಬೇಡಿ! ತಿಳೀತಾ?" ಎಂದು ಅಬ್ಬರಿಸಿದರು.

"ಸೊರ್ರ್... ಬನ್ನಿ ಬನ್ನಿ! ಈಗ ಕೂಗಿದ್ದು ಆ ತ್ರಿಯಂಬಕನ ಅಣಕು. ನಂಬಬೇಡಿ. ತಿಳೀತಾ?" ಎಂದೆ ನಾನು. ತ್ರಿಯಂಬಕ ಎಂದರೆ ನಾನೇ.

"ಲೋ! ನಾನೇ ಕಣ್ರೋ ನಿಜವಾದ ದಫೇದಾರ!"

"ನೋಡಿ, ಎಷ್ಟು ಚೆನ್ನಾಗಿ ಅಣಕಿಸ್ತಾನೆ!"

ಕದದ ನಡುವೆ ಸಿಕ್ಕಿಕೊಂಡ ತಾತ, "ಯಾರಾದ್ರೂ ಒಬ್ಬರು ದಫೇದಾರರು ಮಾತಾಡಿ ಸ್ವಾಮಿ, ಕಾಲು ನೋಯ್ತಾ ಇದೆ," ಎಂದ. ಅವನ ಹಿಂದಿನವರು ಅವನನ್ನು ಮುಂದಕ್ಕೆ ನೂಕಿದರು. ಆರು. ಏಳು. ದಫೇದಾರರು ಕೋಲೆತ್ತಿಕೊಂಡು ಕಂಬದತ್ತ ನುಗ್ಗಿದಾಗ ದೇವೀರಮ್ಮ ಅವರಿಗೂ ಅತ್ತೆಗೂ ನಡುವೆ ಈಳಿಗೆ ಮಣೆಯನ್ನು ನೆಲಕ್ಕೆ ಹಾಕಿ, ಅದರ ಮೇಲೆ ಕೂತುಬಿಟ್ಟಳು. ಅಲಗು ಅವರ ಕಡೆಗಿತ್ತು. ಅವರು ಮುಂದೆ ಬರಲಿಲ್ಲ.

ಹತ್ತನೆಯ ಗಂಟು ಬಿಚ್ಚಿದಾಗ ಅತ್ತೆಯ ತಲೆ ಎದೆಯ ಮೇಲೆ ವಾಲಿತು. ಡಾಕ್ಟರು ನಾಡಿ ಹಿಡಿದು "ಬೇಗ!" ಎಂದರು. ಹಿಂದಿನಿಂದ ಬರುವವರು ಮುಗಿದಿದ್ದರು. ನಾನು ಕದಕ್ಕೆ ಅಂಗೈ ಇಟ್ಟು ನೂಕಿದೆ. ಹುಟ್ಟಿದಂದಿನಿಂದ ಮಾಡಬಾರದೆಂದು ಕಲಿತದ್ದು ಅದನ್ನೇ. ಎಸಳು ಮೊದಲು ಚೌಕಟ್ಟಿನವರೆಗೆ ಹೋಗಿ ಅಭ್ಯಾಸಬಲದಿಂದ ನಿಂತಿತು. ಆಮೇಲೆ ಹಿಡಿಯಲು ಏನೂ ಇಲ್ಲವೆಂದು ಅದಕ್ಕೂ ತಿಳಿದಂತೆ ಆ ಕಡೆಗೆ ಮಗುಚಿಕೊಂಡಿತು. ಗುಂಪಿನಿಂದ ಹೊರಟದ್ದು ಕೂಗಲ್ಲ, ನಿಟ್ಟುಸಿರು. ಎದುರಿಗೆ ಆಸ್ಪತ್ರೆಯ ಮೆಟ್ಟಿಲು. ಮೂವತ್ತು ಹೆಜ್ಜೆ ಕೂಡ ಇಲ್ಲ.

ಕುರ್ಚಿ ಎತ್ತಿದಾಗ ಅತ್ತೆ ಕಣ್ಣು ತೆರೆದಳು. "ಇಳಿಸು. ಹೊಸ್ತಿಲು... ನಾನೇ ದಾಟ್ತೀನಿ." ಡಾಕ್ಟರು ಬೇಡವೆಂದರು. ಅವಳು ಆಗಲೇ ಕಾಲು ಕೆಳಗಿಟ್ಟಿದ್ದಳು. ಒಂದು ಕಡೆ ನಾನು, ಒಂದು ಕಡೆ ದೇವೀರಮ್ಮ. ಊದಿದ ಪಾದ ಎತ್ತಿ, ಚೌಕಟ್ಟಿನ ಆಚೆಗಿಟ್ಟು, ಇನ್ನೊಂದನ್ನೂ ಎಳೆದುಕೊಂಡಳು. ಆಮೇಲೆ ಕುಸಿದಳು, ಎತ್ತಿಕೊಂಡು ಓಡಿದೆವು.

ಆ ಸಂಜೆಯೇ ಮೂಗಿಗೆ ಆಮ್ಲಜನಕ ಕೊಟ್ಟು, ಶ್ವಾಸಕೋಶದ ನೀರಿಳಿಯಲು ಸೂಜಿ ಹಾಕಿದರು. ಐದನೇ ದಿನ ಎದೆ ತೆರೆದು ಹೊಸ ಹುರಿ ಕಟ್ಟಿದರು. ರೇಷ್ಮೆಗಿಂತ ಸಣ್ಣದು, ಬಿಳಿಯದು. ಉಳಿದ ತುಂಡನ್ನು ಅತ್ತೆ ಕೇಳಿ ಪಡೆದು, ಬೆಳಕಿಗೆ ಹಿಡಿದು, ಎಳೆದು ನೋಡಿ, "ಹೊಸೆದವರು ಯಾರೋ, ಕೈ ಚೆನ್ನಾಗಿದೆ," ಎಂದಳು. ನಾನು ಅವಳ ಬೆನ್ನಿಗೆ ಕಿವಿಯಿಟ್ಟೆ. ಲಬ್-ಡಬ್. ನಡುವೆ ಏನೂ ಇರಲಿಲ್ಲ.

ದಫೇದಾರರು ಹನ್ನೆರಡನೇ ದಿನ ಬಂದರು. ಒಂಬತ್ತನೇ ಕದ ಆಗ ಎರಡೂ ಕಡೆಗೆ ಆಡುತ್ತಿತ್ತು. ಪಂಚಾಯಿತಿಯವರು ಬೇರೆ ಹುರಿಯವರನ್ನು ಕಳಿಸಿದ್ದರು, ಆದರೆ ಬಂದವನ ಮಗಳ ಮನೆ ಕದದ ಹಿಂದಿನ ಬೀದಿಯಲ್ಲೇ ಇತ್ತು. ಅವನು ಹೋಗಿ ಮೊಮ್ಮಗನನ್ನು ಎತ್ತಿಕೊಂಡವನು ಸಂಜೆಯವರೆಗೆ ಅಲ್ಲೇ ಉಳಿದ, ಹುರಿ ಬುಟ್ಟಿಯಲ್ಲೇ ಉಳಿಯಿತು. ನಮ್ಮ ಬೀದಿಯಲ್ಲೇ ಇದ್ದ ಸಿದ್ಧವೀರಪ್ಪನವರು ಮಾತ್ರ ತೆರೆದ ಕದಕ್ಕೆ ಬೆನ್ನು ಹಾಕಿ, ಹದಿಮೂರು ಕದ ಸುತ್ತಿ, ಮೆಟ್ಟಿಲು ಹತ್ತಿಳಿದು, ಬೆವರಿಳಿಸಿಕೊಂಡು ವಾರ್ಡಿಗೆ ಬಂದರು. ನರ್ಸು ನೀರು ಕೊಟ್ಟಳು. ಕುಡಿದು, ಪುಸ್ತಕ ತೆಗೆದರು.

"ಸೊರ್ರ್... ಹಿಂದಕ್ಕೆ ಹೋದವರ ಹೆಸರು ದಾಖಲಾಗಬೇಕು. ಪಂಚಾಯಿತಿ ವಿಚಾರಣೆ ಇದೆ. ಅದಕ್ಕೆ ಮೊದಲು ಚೂಡಾಮಣಮ್ಮ ಕದಕ್ಕೆ ಹುರಿ ಕಟ್ತೀನಿ ಅಂತ ಬರೆದುಕೊಡಬೇಕು. ತಿಳೀತಾ?"

"ಕಟ್ಟಲ್ಲ," ಎಂದಳು ಅತ್ತೆ. ದನಿ ಸಣ್ಣದಾಗಿತ್ತು, ಆದರೆ ಒಂದೇ ಉಸಿರಿನಲ್ಲಿ ಬಂತು.

"ಡಾಕ್ಟರಮ್ಮನೇ ಹೇಳಲಿ. ಎದೆ ಕದ ಸೋರಿದ್ರೆ ಮನುಷ್ಯ ಸಾಯ್ತಾನೆ. ನಿಮಗೇ ಆಯ್ತಲ್ಲ! ಊರಿನ ಕದ ಸೋರಿದ್ರೆ ಊರು ಉಳಿಯುತ್ತಾ?"

ಪ್ರಶ್ನೆ ಸುಲಭದ್ದಾಗಿರಲಿಲ್ಲ. ಅತ್ತೆ ಎದೆಯ ಮೇಲಿನ ಪಟ್ಟಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

"ರಕ್ತಕ್ಕೆ ಹಿಂದೆ ಬಿಟ್ಟುಬಂದಿದ್ದು ಅಂತ ಏನೂ ಇರಲ್ಲ ದಫೇದಾರ್ರೇ. ಮನುಷ್ಯರಿಗೆ ಇರುತ್ತೆ. ಇದರೊಳಗಿನ ಹುರಿ ಇರಲಿ, ಅದನ್ನ ಯಾರೂ ಬಿಚ್ಚೋದು ಬೇಡ. ಬೀದಿಗೆ ನಾನು ಕಟ್ಟಲ್ಲ."

"ಬೇರೆಯವರ ಕೈಲಿ ಕಟ್ಟಿಸ್ತೀವಿ."

"ಕಟ್ಟಿಸಿ. ಬಿಚ್ತೀನಿ."

"ಮತ್ತೆ ಕಟ್ಟಿಸ್ತೀವಿ."

"ನನಗೆ ಈಗ ಉಸಿರಿದೆ. ಮತ್ತೆ ಬಿಚ್ತೀನಿ."

ದಫೇದಾರರು ಕನ್ನಡಕ ಸರಿಮಾಡಿಕೊಂಡು ಹೊಸ ಪುಟ ತಿರುವಿದರು. "ಆಗಲಿ. ಅದನ್ನ ಪಂಚಾಯಿತಿ ನೋಡ್ಕೊಳ್ಳುತ್ತೆ. ಈಗ ಹೆಸರು. ಮೊದಲನೇ ಸಾಲು. ಹಿಂದಕ್ಕೆ ಹೋದವರಲ್ಲಿ ಮೊದಲನೆಯವರು ಯಾರು?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಮಂಚದ ಪಕ್ಕದ ಸ್ಟೂಲಿನಿಂದ ದೇವೀರಮ್ಮ ಹೇಳಿದಳು, "ನನ್ನದು ಬರಿ."

"ನೀವು ಆಮೇಲೆ ದಾಟಿದ್ದಲ್ಲವಾ? ಮೊದಲು ಚೂಡಾಮಣಮ್ಮ..."

"ದಾಟಿದ್ದು ಆಮೇಲೆ. ಹೊರಟದ್ದು ಮೊದಲು. ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು ಹಾಕು. ಆಷಾಢ ಮಾಸ, ಮಂಗಳವಾರ, ಮಧ್ಯಾಹ್ನ. ನೀನೂ ಅಲ್ಲೇ ನಿಂತಿದ್ದೆ, ನಿನಗೆ ನೆನಪಿರುತ್ತೆ." ಅವಳು ಎದ್ದು ಹೋಗಿ ಅವರ ಪಕ್ಕದಲ್ಲಿ, ಪುಸ್ತಕ ಕಾಣುವ ಹಾಗೆ ನಿಂತಳು. "ಒಬ್ಬಳು ಅಂತ ಬರೀಬೇಡ. ಇಬ್ಬರು ಅಂತ ಬರಿ."

ಅವರು ಬರೆದು ಮುಗಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.